ಎಳ್ಳ ಅಮಾವಾಸ್ಯೆಯ ಹೊಲದಲ್ಲಿ ತೆರೆದ ಅಂಗಡಿ

ಬೀದರಿಗೆ ಬಂದ ಮೊದಲ ವಾರವೇ ನಾನು ಖಾಲಿ ಮನುಷ್ಯನಾಗಿಬಿಟ್ಟೆ. ಬಾಡಿಗೆ ಮನೆ ಹುಡುಕುತ್ತ ಹೋದಲ್ಲೆಲ್ಲ, ನನ್ನ ಹೆಂಡತಿ ರೇಖಾ ಸರ್ಕಾರಿ ಆಸ್ಪತ್ರೆಯ ನರ್ಸ್, ವರ್ಗವಾಗಿ ಬಂದಿದ್ದಾಳೆ ಎಂದರೆ ಎದುರಿದ್ದವರ ಮುಖ ಅರಳುತ್ತಿತ್ತು. ನೀವೇನು ಮಾಡುತ್ತೀರಿ ಎಂಬ ಪ್ರಶ್ನೆಗೆ ‘ಫ್ರೀಲ್ಯಾನ್ಸ್, ಮನೆಯಲ್ಲೇ ಕೂತು ಕೋಡಿಂಗ್’ ಎಂದ ಕೂಡಲೇ ಅರಳಿದ್ದು ಮುದುಡುತ್ತಿತ್ತು. ಒಬ್ಬ ಹಿರಿಯರಂತೂ ನನ್ನ ಭುಜದ ಮೇಲೆ ಕೈಯಿಟ್ಟು, ‘ಅಂದ್ರ ಸದ್ಯಕ್ಕ ಖಾಲಿ ಇದ್ದೀರಿ. ಇರ್ಲಿ, ಏನಾರ ಸಿಗ್ತದರಿ’ ಎಂದು ಸಮಾಧಾನ ಹೇಳಿದರು. ಕೆಲಸವಿಲ್ಲದವನನ್ನು ಇಲ್ಲಿ ಖಾಲಿ ಇದ್ದಾನೆ ಅನ್ನುತ್ತಾರೆ. ನಮ್ಮ ಕೃಷ್ಣರಾಜನಗರದಲ್ಲಿ ಖಾಲಿ ಆಗುವುದು ಸೈಟು, ಡಬ್ಬ ಮತ್ತು ಜೇಬು ಮಾತ್ರ.

ಕೊನೆಗೆ ಮನೆ ಕೊಟ್ಟವರು ಸುಶೀಲಾ ಟೀಚರ್. ಮೆಥಡಿಸ್ಟ್ ಚರ್ಚಿನ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಭಾಲ್ಕಿಯಲ್ಲಿ ಬಹಳ ವರ್ಷ ಪಾಠ ಹೇಳಿ ನಿವೃತ್ತರಾದವರು. ನರ್ಸ್ ಒಬ್ಬಳು ಮೇಲಿನ ಮನೆಯಲ್ಲಿದ್ದರೆ ತಮ್ಮ ಬಿ.ಪಿ.ಗೆ ಒಳ್ಳೆಯದು ಎಂಬ ಲೆಕ್ಕದಲ್ಲಿ ನಮ್ಮನ್ನು ಸೇರಿಸಿಕೊಂಡರು. ನಾನು ಆ ಲೆಕ್ಕದಲ್ಲಿ ಉಚಿತವಾಗಿ ಬಂದ ಸಾಮಾನು.

ಮೈಸೂರಿನ ಕಂಪನಿಯ ಕೆಲಸ ಬಿಟ್ಟು ಬಂದಿದ್ದೆ. ಅಲ್ಲಿನ ಮ್ಯಾನೇಜರ್ ಒಳ್ಳೆಯ ಮನುಷ್ಯ. ಸಂಕ್ರಾಂತಿಯವರೆಗೆ ನಿನ್ನ ಕುರ್ಚಿಗೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಅಷ್ಟರಲ್ಲಿ ಹೇಳು ಎಂದಿದ್ದರು. ಹಾಗಾಗಿ ನನ್ನ ಮುಂದೆ ಇದ್ದದ್ದು ಒಂದೇ ಪರೀಕ್ಷೆ. ಸಂಕ್ರಾಂತಿಯೊಳಗೆ ಇಲ್ಲಿ ನಂಬಿ ಬದುಕುವಷ್ಟು ಕೆಲಸ ಹುಟ್ಟಬೇಕು. ಇಲ್ಲವಾದರೆ ನಾನು ಮೈಸೂರಿನಲ್ಲಿ, ರೇಖಾ ಬೀದರಿನಲ್ಲಿ. ಮದುವೆಯಾಗಿ ವರ್ಷ ತುಂಬುವ ಮೊದಲೇ ರಾಜ್ಯದ ಈ ತುದಿಗೊಬ್ಬರು, ಆ ತುದಿಗೊಬ್ಬರು.

ಹೊರದೇಶದ ಕೆಲಸ ಸಿಗುವ ಜಾಲತಾಣಗಳಲ್ಲಿ ಅರ್ಜಿ ಹಾಕುತ್ತಿದ್ದೆ. ಅದು ಒಂದೋ ಅತಿವೃಷ್ಟಿ, ಇಲ್ಲವೇ ಅನಾವೃಷ್ಟಿ. ಒಂದು ತಿಂಗಳು ಕೈತುಂಬ, ಮರು ತಿಂಗಳು ನನ್ನ ಸಂದೇಶಗಳಿಗೆ ಉತ್ತರವೇ ಇಲ್ಲ. ರೇಖಾ ಡ್ಯೂಟಿಗೆ ಹೋದ ಮೇಲೆ ಮಾತಾಡಲು ಫ್ಯಾನು ಒಂದೇ. ಸೊಪ್ಪಿನ ಸಾರು, ಮುದ್ದೆ, ಫಿಲ್ಟರ್ ಕಾಫಿ ಎಲ್ಲ ನೆನಪಾಗಿ ಅಳು ಬರುವಂತಾದಾಗ ಟೀಚರ್ ಜೋಳದ ರೊಟ್ಟಿ ಕಳಿಸುತ್ತಿದ್ದರು. ಮೊದಮೊದಲು ಅದನ್ನು ಮುರಿಯುವ ಸದ್ದಿಗೇ ಹೆದರಿದ್ದೆ. ಈಗ ಮೆತ್ತಗಿನ ರೊಟ್ಟಿ ಕೊಟ್ಟರೆ ಕಟಿ ರೊಟ್ಟಿ ಇಲ್ಲವೇ ಎಂದು ಕೇಳುತ್ತೇನೆ.

ಬೇಜಾರು ಕಳೆಯಲು ಕನ್ನಡದಲ್ಲಿ ಕೋಡಿಂಗ್ ಕಲಿಸುವ ಸಣ್ಣ ವಿಡಿಯೊ ಮಾಡಿ ಹಾಕತೊಡಗಿದೆ. ‘ಸರ್, ಜರಾ ಸಾವಕಾಶ ಹೇಳ್ರಿ’ ಎಂದು ಔರಾದಿನಿಂದ ಒಂದು ಕಾಮೆಂಟು ಬಂತು. ಬರೆದವಳು ಅರ್ಚನಾ. ಡಿಗ್ರಿ ಮುಗಿಸಿದ ರೈತರ ಮನೆಯ ಹುಡುಗಿ, ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಫೋನಿನಲ್ಲೇ ವಿಡಿಯೊ ಕತ್ತರಿಸಿ ಜೋಡಿಸುವುದರಲ್ಲಿ ನನಗೆ ನೀರು ಕುಡಿಸುವಂಥವಳು. ನಾಲ್ಕು ಮಾತಾಡುವಷ್ಟರಲ್ಲಿ ಒಟ್ಟಿಗೆ ಕೆಲಸ ಮಾಡೋಣ ಎಂದಾಯಿತು. ಕೋಡು ನನ್ನದು, ವಿಡಿಯೊ ಅವಳದು.

ಇನ್ನು ಬೇಕಾದದ್ದು ಗಿರಾಕಿ. ಊರಿನ ಅಂಗಡಿಗಳಿಗೆಲ್ಲ ವಾಟ್ಸಾಪಿನಲ್ಲಿ ಚಂದದ ಪರಿಚಯಪತ್ರ ಕಳಿಸಿದೆ. ಒಬ್ಬರೂ ಉತ್ತರಿಸಲಿಲ್ಲ. ಟೀಚರ್ ನಕ್ಕರು. ‘ಮೆಸೇಜ್ ನೋಡಿ ಯಾರ್ ಕೆಲ್ಸ ಕೊಡ್ತಾರ್ರಿ? ಹೋಗ್ರಿ, ಕೂಡ್ರಿ, ಚಾ ಕುಡೀರಿ. ಕೆಲಸದ ಮಾತು ಮಾತ್ರ ಎತ್ತಬ್ಯಾಡ್ರಿ, ಅವ್ರೇ ಕೇಳ್ತಾರ’ ಎಂದು ಭಾಲ್ಕಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ತಮ್ಮ ಹಳೆಯ ವಿದ್ಯಾರ್ಥಿ ವೈಜಿನಾಥರ ಹತ್ತಿರ ಕಳಿಸಿದರು. ಮೈಸೂರಿನಲ್ಲಿ ಕೆಲಸ ಮುಗಿದ ಮೇಲೆ ಕಾಫಿ. ಇಲ್ಲಿ ಚಹಾ ಮುಗಿದು, ಮನೆಮಂದಿಯ ಆರೋಗ್ಯ ಮುಗಿದು, ನಮ್ಮೂರಿನ ಮಳೆಬೆಳೆ ಮುಗಿದು, ಮೂರನೆಯ ಭೇಟಿಯಲ್ಲಿ ವೈಜಿನಾಥರು ತಾವಾಗಿ ಕೇಳಿದರು: ‘ನೀವೇನೋ ಫೋನಿನ್ಯಾಗ ಅಂಗಡಿ ಮಾಡಿ ಕೊಡ್ತೀರಂತಲ್ರಿ?’

ನಾನು ಕುಣಿಯುವುದೊಂದು ಬಾಕಿ. ಅಂಗಡಿಯಲ್ಲಿ ಯಾವ ಬೀಜ ಇದೆ, ಯಾವುದು ಮುಗಿದಿದೆ ಎಂದು ರೈತರು ಊರಲ್ಲೇ ಕೂತು ನೋಡಿ, ಬೇಕಾದ್ದನ್ನು ಕಾಯ್ದಿರಿಸುವ ಪುಟ ಅದು. ಬರೆದು ಮುಗಿಸಿ, ಎಲ್ಲರೂ ಬಿಡುವಾಗಿರುವ ದಿನ ಫೋನಿನಲ್ಲಿ ನೇರಪ್ರಸಾರ ಮಾಡಿ ಉದ್ಘಾಟಿಸೋಣ ಎಂದು ಒಂದು ದಿನ ಆರಿಸಿದೆ.

ವೈಜಿನಾಥರು ಹುಬ್ಬೇರಿಸಿದರು. ‘ಎಳ್ಳ ಅಮಾಸಿ ದಿನಾ ಮಾಡ್ತೀರ್ರಿ?’

ಅಮಾವಾಸ್ಯೆಯ ದಿನ ಶುಭಕಾರ್ಯ ಬೇಡ ಅನ್ನುತ್ತಿದ್ದಾರೆ ಎಂದುಕೊಂಡು ನಾನು ಶುರು ಹಚ್ಚಿದೆ. ಇಂಟರ್ನೆಟ್ಟಿಗೆ ಹುಣ್ಣಿಮೆ, ಅಮಾವಾಸ್ಯೆ ಇಲ್ಲ ಎಂದೆ. ಮೂಢನಂಬಿಕೆಯ ಬಗ್ಗೆ ಪುಟ್ಟ ಭಾಷಣವನ್ನೇ ಬಿಗಿದೆ. ಅವರು ಪೂರ್ತಿ ಕೇಳಿದರು. ಮನೆಗೆ ಬಂದವನ ಮಾತು ಅಡ್ಡ ಹಾಕುವ ಪದ್ಧತಿ ಇಲ್ಲಿಲ್ಲ. ‘ಆತ್ರಿ, ನಿಮ್ಮ ಮರ್ಜಿ’ ಎಂದು ಇನ್ನೊಂದು ಚಹಾ ಹೇಳಿದರು.

ಅಮಾವಾಸ್ಯೆಯ ಬೆಳಗ್ಗೆ ಬೀದರಿನ ಬೀದಿಗಳಲ್ಲಿ ಕರ್ಫ್ಯೂ ಹಾಕಿದಂತಿತ್ತು. ಭಾಲ್ಕಿಗೆ ಬಂದಿಳಿದರೆ ಅಲ್ಲೂ ಅದೇ ಗತಿ. ವೈಜಿನಾಥರ ಅಂಗಡಿಗೆ ಬೀಗ. ಮುಚ್ಚಿದ ಶಟರಿನ ಮುಂದೆ ನಿಂತು ನೇರಪ್ರಸಾರ ಆರಂಭಿಸಿದೆ. ನೋಡುತ್ತಿದ್ದವರು ಕೃಷ್ಣರಾಜನಗರದಿಂದ ನಮ್ಮಮ್ಮ, ಆಸ್ಪತ್ರೆಯಿಂದ ರೇಖಾ, ಅಷ್ಟೇ. ಅರ್ಚನಾಗೆ ಫೋನ್ ಮಾಡಿದರೆ ಹಿಂದೆ ಹತ್ತಾರು ಜನರ ಗದ್ದಲ. ‘ಸರ್, ಇವತ್ತ ಯಾರೂ ಮನ್ಯಾಗ ಇರಂಗಿಲ್ರಿ, ಎಲ್ಲಾರೂ ಹೊಲದಾಗ’ ಎಂದಳು. ನಿನಗೆ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದರೆ, ನಾನು ಯೋಚಿಸಿಯೇ ಆ ದಿನ ಇಟ್ಟಿರಬೇಕು ಅಂದುಕೊಂಡಳಂತೆ. ನಮ್ಮ ಕಡೆ ಎಳ್ಳು ಎಂದರೆ ಸಂಕ್ರಾಂತಿ, ಬೆಲ್ಲದ ಜೊತೆ ಬೀರುವುದು. ಇಲ್ಲಿ ಅದಕ್ಕೂ ಮೊದಲೇ ಬರುವ ಎಳ್ಳ ಅಮಾವಾಸ್ಯೆಗೆ ಇಡೀ ಸೀಮೆಯೇ ಹೊಲಕ್ಕೆ ಊಟಕ್ಕೆ ಹೋಗುತ್ತದೆ. ಯಾರ ಹೊಲಕ್ಕೆ ಯಾರು ಕಾಲಿಟ್ಟರೂ ಉಣ್ಣಿಸಿಯೇ ಕಳಿಸಬೇಕು. ನನ್ನ ಮುಖ ಸುಟ್ಟ ಬದನೆಕಾಯಿಯಾಯಿತು.

ಅಷ್ಟರಲ್ಲಿ ವೈಜಿನಾಥರೇ ಬೈಕಿನಲ್ಲಿ ಬಂದು, ಒಂದೂ ಕೊಂಕು ಮಾತಾಡದೆ ನನ್ನನ್ನು ಮೆಹಕರದ ತಮ್ಮ ಹೊಲಕ್ಕೆ ಕರೆದೊಯ್ದರು. ಜೋಳದ ದಂಟು ನಿಲ್ಲಿಸಿ ಕಟ್ಟಿದ ಪುಟ್ಟ ಗುಡಿಸಲು, ಅದರೊಳಗೆ ಪಾಂಡವರೆಂದು ಪೂಜಿಸುವ ಕಲ್ಲುಗಳು. ಸುತ್ತ ಸಾಲು ಹಿಡಿದು ಕೂತ ಜನ. ಎಲೆಯ ಮೇಲೆ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ. ಕರಿದ ಭಜ್ಜಿಯಲ್ಲ, ಹಸಿ ತೊಗರಿ, ಕಡಲೆ, ಬಟಾಣಿ, ಸಿಕ್ಕ ಸೊಪ್ಪನ್ನೆಲ್ಲ ಹುಣಸೆಹುಳಿಯಲ್ಲಿ ಬೇಯಿಸಿ ಕೂಡಿಸಿದ ಪಲ್ಯ. ಮೇಲೆ ಮಡಕೆಯ ತಣ್ಣನೆ ಅಂಬಲಿ. ಒಂದು ತುತ್ತು ತಿಂದವನು ನನ್ನ ನೇರಪ್ರಸಾರವನ್ನೇ ಮರೆತೆ.

ನೆನಪಿಸಿದವರು ವೈಜಿನಾಥರ ಅಕ್ಕ. ಅದೇನೋ ಅಂಗಡಿ ತೋರಿಸಿ ಎಂದರು. ತೆರೆದೆ. ಪರದೆಯ ನಡುವೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಟೀಚರ್ ಮನೆಯ ವೈಫೈನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿದ್ದ ಪುಟ ಹೊಲದ ನೆಟ್‌ವರ್ಕಿಗೆ ಏಳಲಾರದೆ ಮಲಗಿತ್ತು. ಅಕ್ಕ ಮೆಲ್ಲಗೆ ಕೇಳಿದರು, ‘ಹೊಲದಾಗ ತೆರಿಲಿಲ್ಲಂದ್ರ ಹ್ಯಾಂಗ್ರಿ?’

ಅವಮಾನವಾಯಿತು ಎಂದರೆ ಸುಳ್ಳು. ಹುರುಪು ಬಂತು. ಅಲ್ಲೇ ಬಾರಿ ಗಿಡದ, ಅಂದರೆ ನಮ್ಮ ಎಲಚಿ ಮರದ, ನೆರಳಲ್ಲಿ ಬೆನ್ನಿಗಿದ್ದ ಲ್ಯಾಪ್‌ಟಾಪ್ ಬಿಚ್ಚಿದೆ. ನನ್ನ ಹೆಮ್ಮೆಯ ದೊಡ್ಡ ದೊಡ್ಡ ಚಿತ್ರಗಳನ್ನು ಕಿತ್ತೆಸೆದೆ, ಅಲಂಕಾರ ತೆಗೆದೆ, ಬೀಜದ ಹೆಸರು, ಇದೆ ಅಥವಾ ಇಲ್ಲ, ಒತ್ತಲು ಒಂದು ಗುಂಡಿ, ಇಷ್ಟೇ ಉಳಿಸಿದೆ. ಸುತ್ತ ನಿಂತವರು ಹೋಳಿಗೆ ಮುರಿದು ನನ್ನ ಬಾಯಿಗೇ ಇಡುತ್ತಿದ್ದರು. ಒತ್ತಿದೆ. ತೆರೆಯಿತು! ವೈಜಿನಾಥರ ಫೋನಿನಲ್ಲಿ ತೆರೆಯಿತು, ಪಕ್ಕದ ಹೊಲದಿಂದ ಉಣ್ಣಲು ಬಂದವರ ಫೋನಿನಲ್ಲೂ ತೆರೆಯಿತು. ಔರಾದಿನ ಹೊಲದಲ್ಲಿದ್ದ ಅರ್ಚನಾಗೆ ಲಿಂಕ್ ಕಳಿಸಿದೆ. ‘ತೆರೀತ್ರಿ ಸರ್’ ಎಂದವಳು ಸುಮ್ಮನೆ ಕೂರಲಿಲ್ಲ. ತನ್ನ ಅವ್ವ ಅಂಬಲಿಯ ಲೋಟ ಬದಿಗಿಟ್ಟು ಬೇಸಿಗೆ ಬೆಳೆಗೆ ಶೇಂಗಾ ಬೀಜ ಕಾಯ್ದಿರಿಸುವುದನ್ನು ಚಿತ್ರಿಸಿ, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ವಿವರಿಸಿ, ಸಂಜೆಯೊಳಗೆ ಹಾಕಿಬಿಟ್ಟಳು. ಆ ದಿನ ಎಲ್ಲರೂ ಹೊಲದಲ್ಲಿ, ಎಲ್ಲರ ಕೈಯಲ್ಲೂ ಫೋನು. ಮಹಾರಾಷ್ಟ್ರದ ಗಡಿಯ ಆಚೆಗೂ ಈಚೆಗೂ ವಿಡಿಯೊ ಓಡಿತು.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುವುದನ್ನು ಇಷ್ಟು ಖುಷಿಯಿಂದ ನಾನು ಎಂದೂ ಹೇಳಿರಲಿಲ್ಲ. ಮರುವಾರ ಬೀದರಿನ ಪಕ್ಕದ ಕೊಳಾರದ ಬೇಳೆ ಮಿಲ್ಲಿನವರು ಕರೆದರು, ಔರಾದಿನ ಹಾಲಿನ ಸಂಘದವರು ಕರೆದರು. ಹೋದೆ, ಕೂತೆ, ಚಹಾ ಕುಡಿದೆ, ಕೆಲಸದ ಮಾತೆತ್ತಲಿಲ್ಲ. ಒಮ್ಮೆ ಕಟ್ಟಿ ಕೊಟ್ಟು ಮರೆಯುವ ಕೆಲಸವಲ್ಲ, ತಿಂಗಳು ತಿಂಗಳು ನೋಡಿಕೊಳ್ಳುವ ಕೆಲಸ. ಅರ್ಚನಾ ಮನೆಯ ಪಡಸಾಲೆಯೇ ನಮ್ಮ ಸ್ಟುಡಿಯೊ ಆಯಿತು. ಮೈಸೂರಿನ ಮ್ಯಾನೇಜರಿಗೆ ಫೋನ್ ಮಾಡಿ, ಕುರ್ಚಿಗೆ ಬೇರೆಯವರನ್ನು ನೋಡಿಕೊಳ್ಳಿ ಸಾರ್ ಎಂದೆ. ರೇಖಾ ಆಸ್ಪತ್ರೆಯಿಂದ ಬಂದು ಸುದ್ದಿ ಕೇಳಿ, ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ಅತ್ತಳು.

ಆದರೆ ಮೈಸೂರಿಗೆ ಮರಳುವುದಿಲ್ಲ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಸಂಕ್ರಾಂತಿಗೆ ರೇಖಾಗೆ ರಜೆ ಸಿಗದೆ ನಾನೊಬ್ಬನೇ ಊರಿಗೆ ಹೋದೆ. ಅಮ್ಮ ಮುದ್ದೆ ಬಡಿಸಿದರು. ಸೊಪ್ಪಿನ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡೆ. ಆಗಲೇ ವೈಜಿನಾಥರ ಫೋನು. ಹೊಸ ದಾಸ್ತಾನು ಬಂದಿದೆಯಂತೆ. ‘ಊರಿಗಿ ಯಾವಾಗ ಬರ್ತೀರಿ?’ ಎಂದರು. ‘ನಾಡಿದ್ದು ಬರ್ತೇನಿ’ ಎಂದೆ. ನನ್ನ ಬಾಯಲ್ಲಿ ಆ ಸೀಮೆಯ ಮಾತು ಕೇಳಿ ಅಮ್ಮನ ಸೌಟು ನಿಂತಿತು. ಆಗ ಎಲ್ಲ ಹೇಳಿದೆ. ಕೆಲಸ ಹುಟ್ಟಿದ್ದು, ಮೈಸೂರು ಬೇಡವೆಂದದ್ದು.

ಅಮ್ಮ ಬೈಯಲಿಲ್ಲ. ‘ಹಂಗಾರೆ ಈಗ ನೀನಿಲ್ಲಿಗ್ ಬಂದಿರೋದು ನೆಂಟ್ರಂಗಾ?’ ಎಂದರು.

ಇಬ್ಬರದೂ ಊಟ ಮುಗಿದ ಮೇಲೆ, ನಾನು ನೆಂಟರು ಮಾಡದ ಕೆಲಸ ಮಾಡಿದೆ. ತಟ್ಟೆ ಎತ್ತಿಕೊಂಡು ಹಿತ್ತಲ ನಲ್ಲಿಯ ಕಡೆ ನಡೆದೆ. ಅಮ್ಮ ಬೇಡ ಅನ್ನಲಿಲ್ಲ. ಹಿಂದೆಯೇ ಬಂದು ತಮ್ಮ ತಟ್ಟೆಯನ್ನೂ ನನ್ನ ಕೈಗೆ ಕೊಟ್ಟರು.