ಬೆನ್ನಿಗೆ ತಳ್ಳಿದ ತಾಳಿ

ನಮ್ಮ ಯಜಮಾನರಿಗೆ ಹೆಂಡತಿಗಿಂತ ಕ್ಯಾಮೆರಾ ಮೇಲೇ ಜೀವ ಅಂತ ಉರಿಗಾಂನ ನಮ್ಮ ಗಣಿ ಸಾಲುಮನೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಸುಳ್ಳೇನಲ್ಲ. ಕ್ಯಾಮೆರಾದ ಹಿಂಬದಿಯಲ್ಲಿ ಡಿಸ್‌ಪ್ಲೇ ಇರುತ್ತದಲ್ಲ, ತೆಗೆದ ಫೋಟೋ ಕಾಣುವ ಗಾಜು, ಅದಕ್ಕೆ ಗೀರು ಬಿದ್ದೀತು ಅನ್ನುವ ಯೋಚನೆಗೇ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಅದರ ಮೇಲೆ ಗೀರು ತಡೆಯುವ ಸ್ಕ್ರೀನ್ ಗಾರ್ಡ್ ಅಂಟಿಸುವುದು ಬಚ್ಚಲುಮನೆಯಲ್ಲೇ. ಸ್ನಾನವಾದ ಮೇಲೆ ಅಲ್ಲಿ ಧೂಳು ಹಾರುವುದಿಲ್ಲವಂತೆ! ಅಷ್ಟೊತ್ತೂ ನಾನು ಬಾಗಿಲ ಹೊರಗೆ ಕಾಯಬೇಕು.

ಮದುವೆ, ನಾಮಕರಣಗಳಲ್ಲಿ ಅವರು ವಿಡಿಯೋ ಹಿಡಿದರೆ ಹೆಂಗಸರ ಕಡೆಯ ಫೋಟೋ ನನ್ನ ಪಾಲಿಗೆ. ಅವರೇ ಕಲಿಸಿದ್ದು. ಹೊಸದರಲ್ಲಿ ನನ್ನ ತಾಳಿ, ಕೊರಳಲ್ಲಿ ತೂಗುವ ಕ್ಯಾಮೆರಾದ ಹಿಂಬದಿಗೆ ಉಜ್ಜಿ ಉಜ್ಜಿ, ಬಂಗಾರಪೇಟೆಯಿಂದ ತಂದ ಹೊಸ ಗಾರ್ಡೆಲ್ಲ ಗೀರಾಯಿತು. ಅವತ್ತು ಮನೆಯಲ್ಲಿ ದೊಡ್ಡ ರಂಪ. ಆಮೇಲೆ ಉಪಾಯವನ್ನೂ ಅವರೇ ಹುಡುಕಿದರು. ಕ್ಯಾಮೆರಾ ಹಾಕಿಕೊಳ್ಳುವ ಮುಂಚೆ ತಾಳಿಯನ್ನು ಬೆನ್ನಿಗೆ ತಳ್ಳಿ ಸೆರಗು ಹೊದೆಯುವುದು. ತಾವೂ ಸೊಂಟದ ಬೆಲ್ಟಿನ ಬಕಲನ್ನು ಪಕ್ಕಕ್ಕೆ ತಿರುಗಿಸಿಕೊಂಡರು.

ಮನೆ ಬಿಡುವಾಗ ಪ್ರತಿ ಸಲ ಅದೇ ಮಾತು. "ತಾಳಿ ಇಂದಕ್ಕಾಕ್ಕೊಂಡ್ಯೇನೇ?"

"ನಿಮ್ ತಾತ ಗಣೀಲಿ ಚಿನ್ನ ಅಗ್ದೋರು. ನೀವು ನೋಡುದ್ರೆ ನನ್ ಗುಂಜಿಯಷ್ಟು ಚಿನ್ನಕ್ಕೆ ಎದರ್ಕೊಂತೀರಲ್ರೀ!"

"ಎದರ್ಕೊಬೇಕಮ್ಮಾ, ಕಟ್ಟಿದ್ದು ನಾನಲ್ವಾ" ಅಂತ ನಗುತ್ತಾ ಹಿಂದೆ ಬಂದು ತಾವೇ ತಾಳಿ ಸರಿಮಾಡುತ್ತಿದ್ದರು. ಆ ಬೆರಳು ಕತ್ತಿಗೆ ತಾಗಲಿ ಅಂತ ನಾನು ಎಷ್ಟೋ ಸಲ ಬೇಕಂತಲೇ ಮರೆತಿದ್ದೇನೆ.

ಹೋದ ವರ್ಷ ಒಂದು ಬೆಳಿಗ್ಗೆ ಎದೆನೋವು ಅಂದರು. ಆಸ್ಪತ್ರೆಗೆ ಅಂತ ಆಟೋದಲ್ಲಿ ಬಂಗಾರಪೇಟೆಗೆ ಹೊರಟೆವು. ದಾರಿಯಲ್ಲಿ ನನ್ನ ಭುಜದ ಮೇಲೆ ತಲೆ ಇಟ್ಟವರು ಮತ್ತೆ ಎತ್ತಲಿಲ್ಲ. ತಿಥಿಯ ದಿನ ಹೆಂಗಸರೆಲ್ಲ ಸುತ್ತ ಕೂತು ನನ್ನ ತಾಳಿ ತೆಗೆದರು. ಹಾಳಾದ ಶಾಸ್ತ್ರ.

ತಿಂಗಳುಗಟ್ಟಲೆ ಕ್ಯಾಮೆರಾ ಮುಟ್ಟಲಿಲ್ಲ. ಮೊನ್ನೆ ಕ್ಯಾಸಂಬಳ್ಳಿಯವರೊಬ್ಬರು ಮೊಮ್ಮಗುವಿನ ನಾಮಕರಣಕ್ಕೆ ಕರೆದರು. ನನ್ನಂಥವಳು ತೊಟ್ಟಿಲ ಮುಂದೆ ನಿಲ್ಲಬಹುದೇ ಅಂತ ಕೇಳಿದ್ದಕ್ಕೆ, "ಸುಮ್ನೆ ಬಾಮ್ಮ, ನೀನೇ ತೆಗೀಬೇಕು" ಅಂತ ಗದರಿದರು. ಹೋದೆ. ಬ್ಯಾಗಿನಿಂದ ಕ್ಯಾಮೆರಾ ತೆಗೆದು ಕೊರಳಿಗೆ ಹಾಕುವ ಮುಂಚೆ ಕೈ ತಾನಾಗಿ ಎದೆಗೆ ಹೋಯಿತು, ತಾಳಿಯನ್ನು ಹಿಂದಕ್ಕೆ ತಳ್ಳಲು. ಬೆರಳಿಗೆ ಏನೂ ಸಿಗಲಿಲ್ಲ. ಮತ್ತೆ ತಡಕಿದೆ.

"ಏನಮ್ಮಾ ಉಡುಕ್ತಿದ್ದೀಯಾ? ಏನಾರ ಬಿದ್ದೋಯ್ತಾ?" ಅಂದರು ಮಗುವಿನ ಅಜ್ಜಿ.

"ಏನಿಲ್ಲಮ್ಮ. ಮಗೂನ ಮಲಗ್ಸಿ" ಅಂದು ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡೆ. ಅಳುವ ಮುಖ ಮುಚ್ಚಲಿಕ್ಕೂ ಅದು ಆಗುತ್ತದೆ.

ಫೋಟೋಗಳು ಚೆನ್ನಾಗಿ ಬಂದಿವೆ. ಡಿಸ್‌ಪ್ಲೇ ಇವತ್ತಿಗೂ ಥಳಥಳ ಅನ್ನುತ್ತಿದೆ, ಒಂದು ಗೀರಿಲ್ಲ. ಇನ್ನು ಬೀಳುವುದೂ ಇಲ್ಲ. ಒಂದೇ ಒಂದು ಬೀಳಬಾರದೇನ್ರೀ, ನೀವು ಎದ್ದು ಬಂದು ಬಯ್ಯುವ ಹಾಗೆ?