ಅಳಿಯ ಅಳಿಸಿದ ಪತ್ರ

ಗೋಡೆಯ ಪರದೆಯ ಮೇಲೆ ಆ ಪತ್ರ ಮೂಡಿದಾಗ ಮಾಲೀಕರೂ ಸೇರಿ ಮುದ್ರಣಾಲಯದವರೆಲ್ಲ ಅಲ್ಲೇ ಇದ್ದರು. ಕಾಣೆಯಾದ ನಕ್ಷೆಯೊಂದನ್ನು ಸರ್ವರಿನ ಹಳೆಯ ಪ್ರತಿಗಳಲ್ಲಿ ಹುಡುಕುತ್ತಿದ್ದ, ಕರಡು ತಿದ್ದುವ ಪ್ರೂಫ್ ಅಕ್ಕ, ಕೈಗೆ ಸಿಕ್ಕ ಫೈಲೊಂದನ್ನು ತೆರೆದು, ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿಬಿಟ್ಟರು:

“‘ಮಾನ್ಯರೇ, ನಾನು ಈಗಿರುವ ಮುದ್ರಣಾಲಯದಲ್ಲಿ ಯಂತ್ರಕ್ಕಿಂತ ಮಾಲೀಕರ ಸದ್ದೇ ಜಾಸ್ತಿ. ತಾವು ಕೆಲಸ ಕೊಟ್ಟರೆ...’ ಕಾಗುಣಿತ ಸರಿಯಾಗೇ ಇದೆ.”

ಮಾಲೀಕರೆಂದರೆ ಬರೆದವನ ಮಾವ. ಬರೆದು ಕೆಳಗೆ ಹೆಸರು ಹಾಕಿದವನೋ, ಮೂಲೆಯಲ್ಲಿ ಕನ್ನಡಕ ಒರೆಸುತ್ತಿದ್ದ ಕಂಪ್ಯೂಟರ್ ಉಸ್ತುವಾರಿ. ಮನೆಯಲ್ಲಿ ಅಳಿಯ, ಕಚೇರಿಯಲ್ಲಿ ಅಳಿಸಪ್ಪ. ಕೆಲಸ ಮಾವನದು, ವಾಸವಿದ್ದ ಮಹಡಿಯೂ ಮಾವನದು. ಮಾವ ಒಮ್ಮೆ ಕೆಮ್ಮಿದರೆ ಎರಡೂ ಹೋಗುತ್ತವೆ.

ಅಳಿಸಪ್ಪನಿಗೆ ಗುರುತು ಉಳಿಸುವುದೆಂದರೆ ಆಗದು. ಬಸ್ ಟಿಕೆಟ್ಟನ್ನೂ ಎಂಟು ಚೂರು ಮಾಡಿ ಎರಡು ಬುಟ್ಟಿಗೆ ಹಂಚುವ ಆಸಾಮಿ. ಈ ಪತ್ರವನ್ನೂ ಸುಮ್ಮನೆ ಅಳಿಸಿರಲಿಲ್ಲ. ಅದರ ಮೇಲೆ ಒಂಬತ್ತು ಸಲ ಅರ್ಥವಿಲ್ಲದ ಅಕ್ಷರಗಳ ಕಸ ಬರೆಸಿ, ಆಮೇಲೆ ಅಳಿಸಿದ್ದ.

ಆದರೆ ಸರ್ವರಿನ ಜಾಯಮಾನವೇ ಬೇರೆ. ಅದು ಬರೆದದ್ದರ ಮೇಲೆ ಬರೆಯುವುದಿಲ್ಲ. ಹೊಸತನ್ನು ಹೊಸ ಜಾಗದಲ್ಲಿ ಬರೆದು ಹಳೆಯದನ್ನು ಮುಟ್ಟದೆ ಬಿಡುತ್ತದೆ. ಸಾಲದ್ದಕ್ಕೆ ಗಂಟೆಗೊಮ್ಮೆ ಇದ್ದದ್ದನ್ನೆಲ್ಲ ಇದ್ದ ಹಾಗೇ ಹಿಡಿದಿಡುತ್ತದೆ. ಒಂಬತ್ತು ಸಲದ ಕಸವೂ ಒಂಬತ್ತು ಖಾಲಿ ಜಾಗಗಳಿಗೆ ಬಿದ್ದಿತ್ತು. ಪತ್ರಕ್ಕೆ ಧೂಳೂ ತಾಗಿರಲಿಲ್ಲ. ಅಳಿಯ ಅಳಿಸಿದ್ದು ಅಳಿಯಲೇ ಇಲ್ಲ.

“ಅಲ್ಲ ಅಳಿಸಪ್ಪ, ಈ ಸರ್ವರ್ ಬೇಕೇಬೇಕು ಅಂತ ಹಟ ಹಿಡಿದು ತರಿಸಿದ್ದು ನೀನೇ ಅಲ್ವೇನೋ?” ಎಂದರು ಪ್ರೂಫ್ ಅಕ್ಕ.

“‘ಏನೂ ಕಳೆದುಹೋಗಲ್ಲ ಮಾವ’ ಅಂತ ನನಗೆ ಒಂದು ವಾರ ಪಾಠ ಬೇರೆ ಮಾಡಿದ್ರು,” ಎಂದರು ಮಾಲೀಕರು. ಅವರ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು. ಅಳಿಸಪ್ಪ ಹೆದರಿದ್ದು ಅದಕ್ಕೇ. ಮಹಡಿಯ ಮೆಟ್ಟಿಲಲ್ಲಿ ತನ್ನ ಪೆಟ್ಟಿಗೆಗಳು ಇಳಿಯುವುದು, ಹಿಂದೆ ಹೆಂಡತಿ ಇಳಿಯದೇ ನಿಲ್ಲುವುದು, ಎರಡೂ ಕಣ್ಣಿಗೆ ಕಟ್ಟಿದವು.

“ನನ್ನ ಸದ್ದಿನ ವಿಷಯ ಮನೇಲಿ ಮಾತಾಡೋಣ. ತಾರೀಕು ನೋಡಿದ್ರೆ ಪತ್ರಕ್ಕೆ ಎರಡು ತಿಂಗಳಾಗಿದೆ. ನಿಜ ಹೇಳಿ ಅಳಿಯಂದಿರೇ, ಆ ಕಡೆಯವರು ಏನಂದ್ರು? ಯಾವತ್ತು ಹೊರಡ್ತೀರಿ?”

ಅಳಿಸಪ್ಪ ಕನ್ನಡಕ ಏರಿಸಿಕೊಂಡ. ಮತ್ತೆ ತೆಗೆದ.

“ಕಳಿಸಲೇ ಇಲ್ಲ ಮಾವ. ಅಳಿಸೋ ಗಡಿಬಿಡಿಯಲ್ಲಿ ಮರೆತೇಹೋಯ್ತು.”