ನಾಲ್ಕನೇ ನಂಬರಿನ ಮನೆಗೆ ಒಂಬತ್ತು ಗಿರಾಕಿಗಳು

ಎರಡೇ ತಿಂಗಳಲ್ಲಿ ನಾನು ಒಂದು ಮನೆಯ ಬೆಲೆಯನ್ನು ಐದು ಲಕ್ಷ ರೂಪಾಯಿ ಏರಿಸಿದೆ. ಒಂದು ಕಲ್ಲು ಇಡಲಿಲ್ಲ, ಒಂದು ಚಮಚ ಪೈಂಟ್ ಬಳಿಯಲಿಲ್ಲ. ಬರೀ ಫೋನಿನಲ್ಲಿ ಏರಿಸಿದೆ.

ಮನೆ ನನ್ನದಾಗಿದ್ದರೆ ಈ ಸಾಧನೆಗೆ ನೀವೆಲ್ಲ ಸೇರಿ ನನಗೊಂದು ಶಾಲು ಹೊದಿಸಬಹುದಿತ್ತು. ತೊಂದರೆ ಏನೆಂದರೆ, ಆ ಮನೆಯನ್ನು ಕೊಳ್ಳಬೇಕಾಗಿದ್ದವಳು ನಾನೇ.

ಮೂಡುಬಿದಿರೆಯಲ್ಲಿ ಕಾಲೇಜುಗಳನ್ನು ದಾಟಿ ಸ್ವಲ್ಪ ಮೇಲೆ ಹೋದರೆ ನರಿಗುಡ್ಡೆ ಸಿಗುತ್ತದೆ. ಹತ್ತು ವರ್ಷದ ಹಿಂದೆ ಅಲ್ಲಿ ಗೇರುಮರ, ಮುರಕಲ್ಲು ಮತ್ತು ದಾರಿ ತಪ್ಪಿದ ಒಂದೆರಡು ದನ ಬಿಟ್ಟರೆ ಏನೂ ಇರಲಿಲ್ಲ. ಈಗ ಕೆಫೆ ಇದೆ, ಜಿಮ್ ಇದೆ, ನಾಯಿಗೆ ಸ್ನಾನ ಮಾಡಿಸುವ ಪಾರ್ಲರ್ ಇದೆ. ಕೆಫೆಯಲ್ಲಿ ನಮ್ಮ ಸಜ್ಜಿಗೆ ಅವಲಕ್ಕಿಯನ್ನೇ ಮರದ ಬಟ್ಟಲಲ್ಲಿ ಹಾಕಿ ‘ಬೌಲ್’ ಎಂದು ಕೊಡುತ್ತಾರೆ. ನೂರ ಅರುವತ್ತು ರೂಪಾಯಿ (ಬಟ್ಟಲು ವಾಪಸ್ ಕೊಡಬೇಕು). ಜಾಗದ ಹೆಸರೂ ಈಗ ಫಾಕ್ಸ್ ಹಿಲ್ಸ್. ಈ ಬದಲಾವಣೆಯನ್ನು ನರಿಗಳಿಗೆ ಯಾರೂ ತಿಳಿಸಿದಂತಿಲ್ಲ. ಅವು ಈಗಲೂ ಹಳೇ ರಾಗದಲ್ಲೇ ಊಳಿಡುತ್ತವೆ.

ಈ ಫಾಕ್ಸ್ ಹಿಲ್ಸಿನಲ್ಲಿ ರಮೇಶಣ್ಣ ಎಂಬ ಬಿಲ್ಡರ್ ಒಂದೇ ಸಾಲಿನಲ್ಲಿ ಎಂಟು ಮನೆ ಕಟ್ಟಿದ್ದಾರೆ. ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ, ಮುಂದೆ ಒಂದು ಕಾರು, ಪಕ್ಕದವರಿಗೂ ನಮಗೂ ಸೇರಿ ಒಂದು ಗೋಡೆ. ನಮ್ಮ ಊರಲ್ಲಿ ಇದಕ್ಕೆ ಲೈನ್ ಮನೆ ಎನ್ನುತ್ತಾರೆ. ರಮೇಶಣ್ಣ ಟೌನ್‌ಹೌಸ್ ಎನ್ನುತ್ತಾರೆ. ಲೈನ್ ಮನೆಗೆ ತಿಂಗಳಿಗೆ ಮೂರು ಸಾವಿರ ಬಾಡಿಗೆ. ಟೌನ್‌ಹೌಸಿಗೆ ಐವತ್ತೆಂಟು ಲಕ್ಷ.

ನಾನು ಮತ್ತು ನನ್ನ ಗಂಡ ಜಯರಾಮ (ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟ್ರು, ಮನೆಯಲ್ಲಿ ಸದಾ ವಿಶ್ರಾಂತಿ) ಮದುವೆಯಾದ ಇಪ್ಪತ್ತೊಂದು ವರ್ಷದಲ್ಲಿ ಆರು ಬಾಡಿಗೆ ಮನೆ ಬದಲಾಯಿಸಿದ್ದೇವೆ. ಈಗಿನ ಓನರಿಗೆ ಗೋಡೆಗೆ ಮೊಳೆ ಹೊಡೆದರೆ ಆಗುವುದಿಲ್ಲ. ನಮ್ಮ ಮದುವೆಯ ಫೋಟೊ ಐದು ವರ್ಷದಿಂದ ಫ್ರಿಡ್ಜಿನ ಮೇಲೆ ಮೈದಾ ಡಬ್ಬಕ್ಕೆ ಒರಗಿ ನಿಂತಿದೆ. ಯಾರನ್ನೂ ಕೇಳದೆ ಮೊಳೆ ಹೊಡೆಯಬಹುದಾದ ಒಂದು ಗೋಡೆ ನನಗೆ ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ತುಂಬಾ ಬೇಕಿತ್ತು.

ಎಂಟರಲ್ಲಿ ನಾಲ್ಕನೇ ನಂಬರಿನ ಮನೆ ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತು. ಅದರ ಹಿತ್ತಲಲ್ಲಿ ಒಂದು ಬಿಂಬುಳಿ ಮರ, ಮೈತುಂಬ ಹುಳಿಕಾಯಿ. ಜೆಸಿಬಿಯವನ ಕಣ್ಣು ಹೇಗೋ ತಪ್ಪಿಸಿಕೊಂಡು ಉಳಿದಿದೆ. ಅಡುಗೆಮನೆಯ ಕಿಟಕಿಯಿಂದ ಕೈ ಹಾಕಿದರೆ ಬಿಂಬುಳಿ, ಒಲೆಯ ಮೇಲೆ ಬಂಗುಡೆ ಸಾರು. ಮನುಷ್ಯರಿಗೆ ಇನ್ನೇನು ಬೇಕು? ಬ್ಯಾಂಕಿನವರು ಕೊಡುವ ಸಾಲ, ನಮ್ಮ ಉಳಿತಾಯ, ನನ್ನ ಎರಡು ಬಳೆ ಎಲ್ಲ ಸೇರಿಸಿದರೆ ಅರುವತ್ತರವರೆಗೆ ಹೋಗಬಹುದಿತ್ತು. ಅದರ ಮೇಲೆ ಒಂದು ರೂಪಾಯಿಯೂ ಇರಲಿಲ್ಲ.

ಆದರೆ ನಮ್ಮ ಕಡೆಯವರಿಗೆ ಒಂದು ರೋಗ ಇದೆ. ಬೇಕಾದ್ದನ್ನು ಬೇಕು ಎನ್ನುವುದಿಲ್ಲ. ಮೀನು ಮಾರ್ಕೆಟಿನಲ್ಲಿ ಅಂಜಲ್ ಬೇಕಿದ್ದರೆ ಮೊದಲು ಭೂತಾಯಿಗೆ ರೇಟು ಕೇಳುತ್ತೇವೆ. ಹಾಗೆಯೇ ಅಂದು ನಾವಿಬ್ಬರೂ ಏಳನೇ ನಂಬರಿನ ಮನೆಯನ್ನು ಅರ್ಧ ಗಂಟೆ ನೋಡಿದೆವು, ಅದರ ಬಚ್ಚಲನ್ನು ಹೊಗಳಿದೆವು, ಹೊರಡುವಾಗ ಚಪ್ಪಲಿ ಹಾಕುತ್ತಾ ನಾಲ್ಕನೆಯದಕ್ಕೆ ಎಷ್ಟು ಎಂದು ಸುಮ್ಮನೆ ಕೇಳಿದೆವು. ಐವತ್ತೆಂಟು, ಅದಕ್ಕಿಂತ ಕಮ್ಮಿಯಾಗದು ಎಂದರು ರಮೇಶಣ್ಣ. ನೋಡುವ ಎಂದು ಹೇಳಿ ಬಂದೆವು.

ಇನ್ನು ಎರಡನೇ ರೋಗ. ನಾವು ಯಾವುದನ್ನೂ ನೇರ ಕೇಳುವುದಿಲ್ಲ. ಗುರ್ತದವರ ಮೂಲಕ ಕೇಳಿಸುತ್ತೇವೆ. ಆಸ್ಪತ್ರೆಯ ಬೆಡ್ಡಿಗೂ ಗುರ್ತದವರು, ಮದುವೆ ಹಾಲಿಗೂ ಗುರ್ತದವರು. ಗುರ್ತದವರು ಕೇಳಿದರೆ ‘ಲಾಸ್ಟ್ ರೇಟ್’ ಸಿಗುತ್ತದೆ ಎಂಬುದು ನಮ್ಮ ನಂಬಿಕೆ. ಹಾಗಾಗಿ ದುಬೈಯಲ್ಲಿರುವ ನನ್ನ ಅಕ್ಕನ ಗಂಡನಿಗೆ ಫೋನ್ ಮಾಡಿದೆ. ಭಾವ, ನಾಲ್ಕನೇ ನಂಬರಿಗೆ ಲಾಸ್ಟ್ ಎಷ್ಟು ಅಂತ ಕೇಳಿ ಹೇಳಿ, ನಮ್ಮ ಹೆಸರು ಮಾತ್ರ ಹೇಳಬೇಡಿ ಎಂದೆ. ಅದೇ ಮಾತನ್ನು ಗುರುವಾಯನಕೆರೆಯ ದೊಡ್ಡಮ್ಮನಿಗೂ ಹೇಳಿದೆ. ಇವರು, ಅಂದರೆ ನನ್ನ ಗಂಡ, ಉಜಿರೆಯಲ್ಲಿರುವ ತಮ್ಮ ಜೊತೆಯ ಒಬ್ಬ ಪಿ.ಟಿ. ಮಾಸ್ಟ್ರಿಗೂ ಹೇಳಿದರು.

ಒಂದು ವಾರ ಬಿಟ್ಟು ಹೋದೆವು. ರಮೇಶಣ್ಣನ ಆಫೀಸಿನಲ್ಲಿ ಒಂದು ಬಿಳಿ ಬೋರ್ಡ್ ನೇತಾಡುತ್ತಿತ್ತು. ಒಂದರಿಂದ ಎಂಟರವರೆಗೆ ಮನೆಯ ನಂಬರು, ಪ್ರತಿ ನಂಬರಿನ ಎದುರು ಯಾರಾದರೂ ವಿಚಾರಿಸಿದರೆ ಒಂದು ಕೆಂಪು ಗೀಟು. ಬೇರೆ ಮನೆಗಳಿಗೆ ಒಂದೊಂದು ಗೀಟು, ಹೆಚ್ಚೆಂದರೆ ಎರಡು. ನಾಲ್ಕಕ್ಕೆ ಮಾತ್ರ ಐದು. ಬೆಲೆ ಅರುವತ್ತೂವರೆ ಆಗಿತ್ತು.

“ಡಿಮಾಂಡ್ ಉಂಟಲ್ವಾ ಅಕ್ಕಾ, ನಾನೆಂತ ಮಾಡುವುದು?” ಎಂದರು ರಮೇಶಣ್ಣ. ಒಂದು ದುಬೈ ಪಾರ್ಟಿ ಎರಡು ಸಲ ಫೋನ್ ಮಾಡಿದೆಯಂತೆ.

ಓದುಗರೇ, ನಿಮಗೆ ಈಗಾಗಲೇ ಎಲ್ಲ ಅರ್ಥವಾಗಿರಬಹುದು. ನಮಗೆ ಆಗಲಿಲ್ಲ. ದುಬೈಯಲ್ಲಿ ಲಕ್ಷಗಟ್ಟಲೆ ಜನ ಇದ್ದಾರೆ, ಆ ಪಾರ್ಟಿ ನಮ್ಮ ಭಾವನೇ ಯಾಕಾಗಬೇಕು? ಮನೆಗೆ ಬಂದು ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆವು: ನಮ್ಮ ಗುರ್ತದವರು ಸಾಕಾಗಲಿಲ್ಲ. ಇನ್ನೂ ಸ್ವಲ್ಪ ಜನರಿಂದ ಕೇಳಿಸಬೇಕು.

ಕೇಳಿಸಿದೆವು. ಬಂಟ್ವಾಳದಲ್ಲಿರುವ ನನ್ನ ಗೆಳತಿ ಕೇಳಿದಳು. ಅವಳ ಮೇಲೆ ನಂಬಿಕೆ ಇಲ್ಲದೆ ಅವಳ ಗಂಡ ಬೇರೆಯಾಗಿ ಕೇಳಿದರು. ನನ್ನ ರವಕೆ ಹೊಲಿಯುವ ಟೈಲರ್ ಕೇಳಿದರು. ಮುಂದಿನ ಸಲ ಹೋದಾಗ ಬೋರ್ಡಿನಲ್ಲಿ ನಾಲ್ಕರ ಎದುರು ಒಂಬತ್ತು ಗೀಟು, ಬೆಲೆ ಅರುವತ್ತಮೂರು. ಪಕ್ಕದ ಐದನೇ ನಂಬರಿಗೆ ‘ಸೋಲ್ಡ್’ ಎಂಬ ಸ್ಟಿಕ್ಕರ್ ಬೇರೆ ಅಂಟಿಸಿಯಾಗಿತ್ತು.

ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಮೂರು ಲಕ್ಷ ಎಲ್ಲಿಂದ ತರುವುದು? ನನ್ನ ಮುಖ ನೋಡಿ ರಮೇಶಣ್ಣನಿಗೂ ಪಾಪ ಕಂಡಿರಬೇಕು, ಕುರ್ಚಿ ಎಳೆದು ಕೂರಿಸಿದರು. ಬೇಗ ತೀರ್ಮಾನ ಮಾಡಿ, ಗುರುವಾಯನಕೆರೆಯ ಒಬ್ಬರು ಹೆಂಗಸು ಬಿಡುವ ಹಾಗೆ ಕಾಣುವುದಿಲ್ಲ ಎಂದರು. ಬಸ್ಸಿನಲ್ಲಿ ಬಂದಿದ್ದರಂತೆ. ಅಡುಗೆಮನೆಯನ್ನು ಕೊಡೆಯಿಂದ ಅಳೆದರಂತೆ, ಮೂರೂವರೆ ಕೊಡೆ. ಬಿಂಬುಳಿ ಕೊಯ್ದು ಸೆರಗಿನಲ್ಲಿ ಕಟ್ಟಿಕೊಂಡರಂತೆ. ಈ ಮನೆಯನ್ನು ಬೇರೆ ಯಾರಿಗಾದರೂ ಕೊಟ್ಟರೆ ಒಳ್ಳೆಯದಾಗಲಿಕ್ಕಿಲ್ಲ ಎಂದು ಹೇಳಿ ಹೋದರಂತೆ.

ಆ ಹೆಂಗಸಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ಹಟದ ಮುದುಕಿ ಯಾರಪ್ಪ ಎಂದು ಹಲ್ಲು ಕಡಿಯುತ್ತಿದ್ದೆ. ಹಿಂದಿನ ಭಾನುವಾರ ನಮ್ಮ ದೊಡ್ಡಮ್ಮ ನನಗೊಂದು ಪೊಟ್ಟಣ ಬಿಂಬುಳಿ ಕೊಟ್ಟದ್ದು ಆಗ ನೆನಪಾಯಿತು. ಅವರ ಹಿತ್ತಲಲ್ಲಿ ಬಿಂಬುಳಿ ಮರ ಇಲ್ಲ.

ಇವರ ಮುಖ ನೋಡಿದೆ. ಇವರು ಬೋರ್ಡು ನೋಡುತ್ತಾ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹೇಳಿಬಿಟ್ಟೆವು. ರಮೇಶಣ್ಣ ಮೊದಲು ನಂಬಲಿಲ್ಲ. ಪ್ರಪಂಚದಲ್ಲಿ ಯಾರಾದರೂ ತಮಗೆ ಬೇಕಾದ ಮನೆಯ ರೇಟನ್ನು ತಾವೇ ಏರಿಸುತ್ತಾರಾ ಎಂದು ಕೇಳಿದರು (ನ್ಯಾಯವಾದ ಪ್ರಶ್ನೆ). ಕೊನೆಗೆ ನನ್ನ ಫೋನಿನಲ್ಲಿದ್ದ ನಂಬರುಗಳನ್ನು ಅವರ ಪುಸ್ತಕದ ನಂಬರುಗಳ ಜೊತೆ ಹಿಡಿದು ನೋಡಿದೆವು. ದುಬೈ ಪಾರ್ಟಿ, ನಮ್ಮ ಭಾವ, ಎರಡು ಗೀಟು. ದೊಡ್ಡಮ್ಮ ಒಂದು ಸಲ ಫೋನು, ಒಂದು ಸಲ ಖುದ್ದು, ಎರಡು ಗೀಟು. ಉಜಿರೆ ಮಾಸ್ಟ್ರು, ಗೆಳತಿ, ಗೆಳತಿಯ ಗಂಡ, ಟೈಲರ್. ಒಂದೊಂದು ಹೆಸರು ಹೇಳಿದ ಹಾಗೆ ರಮೇಶಣ್ಣ ಬಟ್ಟೆ ತುಂಡಿನಿಂದ ಅವರವರ ಗೀಟು ಒರೆಸಿದರು.

ಒಂದು ಗೀಟು ಉಳಿಯಿತು. ಅದು ಕುಂದಾಪುರದ ಹೆಂಗಸು, ಬಹಳ ಮರ್ಯಾದೆಯಲ್ಲಿ ಮಾತಾಡಿದ್ದರು, ಈ ನಂಬರು ನಿಮ್ಮ ಪಟ್ಟಿಯಲ್ಲಿ ಇಲ್ಲ ಎಂದರು ರಮೇಶಣ್ಣ. ಇವರಿಗೂ ಗೊತ್ತಿರಲಿಲ್ಲ. ನಾನು ನೆಲ ನೋಡುತ್ತಾ ಕೂತೆ. ಎಷ್ಟು ಹೊತ್ತು ಕೂರಲಿಕ್ಕಾಗುತ್ತದೆ? ನಾನು ಕೆಲಸ ಮಾಡುವ ಆಫೀಸಿನ ಲ್ಯಾಂಡ್‌ಲೈನಿನಿಂದ ಸ್ವರ ಬದಲಾಯಿಸಿ, ಕುಂದಗನ್ನಡದ ಹಾಗೆ ಏನೋ ಒಂದು ಮಾತಾಡಿದವಳು ನಾನೇ ಎಂದೆ. ರಮೇಶಣ್ಣ ಅದನ್ನೂ ಒರೆಸಿದರು.

ಆ ಸಾಲು ಖಾಲಿ. ನಾಲ್ಕನೇ ನಂಬರಿನ ಎದುರು ಏನೂ ಇಲ್ಲ. ಇಷ್ಟು ದಿನ ಊರಿಡೀ ಮುಗಿಬಿದ್ದಿದ್ದ ಮನೆ ಈಗ ಅನಾಥವಾಗಿ ಕಂಡಿತು.

“ಅಲ್ಲ ಮಾರಾಯ್ತಿ, ಯಾರಿಗೂ ಬೇಡದ ಮನೆ ನಮಗೆ ಯಾಕೆ?” ಎಂದು ಇವರು ನನ್ನ ಕಿವಿಯಲ್ಲಿ ಹೇಳಿದರು.

ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು. ದುಬೈ ಪಾರ್ಟಿಗೆ ಬೇಕು ಎಂದಾಗ ಆ ಮನೆ ಎಷ್ಟು ಚೆಂದ ಇತ್ತು! ನಾವು ಮನೆ ಕೊಳ್ಳುತ್ತೇವಾ ಅಥವಾ ಇನ್ನೊಬ್ಬರ ಬಾಯಿಂದ ತಪ್ಪಿಸಿದ ತುತ್ತು ಕೊಳ್ಳುತ್ತೇವಾ? ಕೆಫೆಯ ಮುಂದೆ ಕ್ಯೂ ನಿಲ್ಲುವವರಲ್ಲಿ ಎಷ್ಟು ಜನ ಅವಲಕ್ಕಿಗೆ ನಿಲ್ಲುತ್ತಾರೆ, ಎಷ್ಟು ಜನ ಕ್ಯೂ ನೋಡಿ ನಿಲ್ಲುತ್ತಾರೆ? ಇಷ್ಟೆಲ್ಲ ತತ್ವಜ್ಞಾನ ತಲೆಯಲ್ಲಿ ಓಡುತ್ತಿದ್ದಾಗಲೇ ನನ್ನ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು.

“ರಮೇಶಣ್ಣಾ, ನನಗೆ ಈ ಮನೆ ಬೇಕು” ಎಂದೆ.

ಹುಟ್ಟಿದ ಮೇಲೆ ಮೊದಲ ಸಲ ಒಂದು ವಸ್ತುವನ್ನು ಅದರ ಹೆಸರು ಹಿಡಿದು ಬೇಕು ಎಂದದ್ದು. ಎಷ್ಟು ಹಗುರವಾಯಿತು ಗೊತ್ತಾ? ಮೊದಲ ದಿನವೇ ಹೀಗೆ ಹೇಳಿದ್ದರೆ ಐವತ್ತೇಳಕ್ಕೆ ಕೊಡುತ್ತಿದ್ದೆ ಎಂದು ರಮೇಶಣ್ಣ ನಿಟ್ಟುಸಿರು ಬಿಟ್ಟು, ಐವತ್ತೆಂಟಕ್ಕೆ ಒಪ್ಪಿದರು. ಒಂದೇ ಶರತ್ತು, ರೇಟನ್ನು ಬೇರೆ ಯಾರಿಗೂ ಹೇಳಬಾರದು. (ರಮೇಶಣ್ಣಾ, ಕ್ಷಮಿಸಿ. ಈ ವಾರದ ಅಂಕಣಕ್ಕೆ ಬರೆಯಲು ಬೇರೆ ವಿಷಯ ಸಿಗಲಿಲ್ಲ.)

ರಿಜಿಸ್ಟ್ರೇಶನ್ ಆಯಿತು, ಗೃಹಪ್ರವೇಶದ ಒಕ್ಕಲೂ ಆಯಿತು, ಮೊಳೆಯನ್ನೂ ಹೊಡೆದೆ. ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಸುಖವಾಗಿ ನಿದ್ದೆ ಮಾಡುತ್ತಿದ್ದೆ.

ಮೊನ್ನೆ ಐದನೇ ನಂಬರಿನ ಶೋಭಕ್ಕ ಒಂದು ತಟ್ಟೆ ಪತ್ರೊಡೆ ಹಿಡಿದುಕೊಂಡು ಬಂದರು. ಬೆಳ್ತಂಗಡಿಯವರು, ಬಹಳ ಒಳ್ಳೆಯವರು, ಅದೇ ಕಷ್ಟ. ಅವರು ನಿಧಾನಕ್ಕೆ ನೋಡಿ ತೆಗೆದುಕೊಳ್ಳುವ ಎಂದು ಬಂದವರಂತೆ. ಆದರೆ ಆಫೀಸಿನ ಬೋರ್ಡಿನಲ್ಲಿ ನಾಲ್ಕನೇ ನಂಬರಿಗೆ ಅಷ್ಟು ಗೀಟು ನೋಡಿ ಗಂಡ ಹೆಂಡತಿ ಗಾಬರಿಯಾದರಂತೆ. ಇಲ್ಲಿ ಇಷ್ಟು ಡಿಮಾಂಡ್ ಇದ್ದರೆ ನಾಳೆ ನಮಗೆ ಮನೆಯೇ ಸಿಗಲಿಕ್ಕಿಲ್ಲ ಎಂದು ಅಂದೇ ಅಡ್ವಾನ್ಸ್ ಕೊಟ್ಟರಂತೆ. ಅರುವತ್ತೆರಡಕ್ಕೆ.

ಕೈಯಲ್ಲಿದ್ದ ಪತ್ರೊಡೆಯನ್ನು ತಟ್ಟೆಗೇ ಇಟ್ಟೆ. ನಮ್ಮ ಭಾವ, ನಮ್ಮ ದೊಡ್ಡಮ್ಮ, ನಮ್ಮ ಟೈಲರ್, ಎಲ್ಲರೂ ಸೇರಿ ಈ ಪುಣ್ಯಾತ್ಮರ ನಾಲ್ಕು ಲಕ್ಷ ಹೊಗೆ ಹಾಕಿಸಿದ್ದೆವು.

ಆಮೇಲೆ ನಮ್ಮ ಕಡೆ ಯಾರೇ ಹೊಸ ಮನೆ ಮಾಡಿದರೂ ಬರುವ ಪ್ರಶ್ನೆ ಬಂತು. “ನಿಮಗೆ ಎಷ್ಟಕ್ಕೆ ಆಯ್ತು ಅಕ್ಕಾ?”

ಹೇಳಬಾರದೆಂದು ಮಾತು ಕೊಟ್ಟಿದ್ದೇನೆ. ಹೇಳಿದರೆ ಮೂವತ್ತು ವರ್ಷ ಒಂದೇ ಗೋಡೆಯ ಎರಡು ಬದಿಯಲ್ಲಿ ಮುಖ ತಿರುಗಿಸಿಕೊಂಡು ಇರಬೇಕು. ಅರುವತ್ತಮೂರು ಎಂದೆ. ಶೋಭಕ್ಕನ ಮುಖ ಅರಳಿತು. ನಿಮಗೆ ನಮಗಿಂತಲೂ ಒಂದು ಜಾಸ್ತಿಯೇ ಹೋಯಿತಲ್ಲ, ಪಾಪ ಎಂದು ನನ್ನ ಭುಜ ತಟ್ಟಿ ಇನ್ನೆರಡು ತುಂಡು ಪತ್ರೊಡೆ ಬಡಿಸಿದರು. ಇಷ್ಟು ಕೆಟ್ಟದಾಗಿ ನಾನು ಯಾವ ಪತ್ರೊಡೆಯನ್ನೂ ತಿಂದಿಲ್ಲ.

ಈಗ ನನಗಿರುವುದು ಒಂದೇ ಭಯ, ಇಂದು ಬೆಳಿಗ್ಗೆ ಅವರ ಮನೆಗೂ ಪೇಪರ್ ಬಂದಿರುತ್ತದೆ. ಶೋಭಕ್ಕ ಯಾವ ಪೇಪರ್ ತರಿಸುತ್ತಾರೆಂದು ನಿಮ್ಮಲ್ಲಿ ಯಾರಾದರೂ ಗುರ್ತದವರು ಸ್ವಲ್ಪ ವಿಚಾರಿಸಿ ಹೇಳ್ತೀರಾ, ನನ್ನ ಹೆಸರು ಮಾತ್ರ ಹೇಳದೆ?